ಗೋವಾ ಪ್ರವಾಸದಲ್ಲಿ ಸ್ಟೀಕ್: ತಟ್ಟೆಗೆ ಬರುವ ಮೊದಲು ಕೇಳಬೇಕಾದ ಪ್ರಶ್ನೆಗಳು

ದಸರಾ ರಜೆ, ವರ್ಷದ ಕೊನೆಯ ರಜೆ ಬಂತೆಂದರೆ ತಿಲಕನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರ, ಯಾರಬ್ ನಗರದ ಕಡೆಯಿಂದ ಗೋವಾಕ್ಕೆ ಹೊರಡುವ ಕುಟುಂಬಗಳು ಬಹಳ. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಪಣಜಿ. ಕಾರಿನಲ್ಲಾದರೆ ಹುಬ್ಬಳ್ಳಿ ಮೇಲಿಂದ ಹತ್ತು ಹನ್ನೆರಡು ಗಂಟೆಯ ದಾರಿ. ಸಮುದ್ರ, ಹಳೆಯ ಕೋಟೆ, ಜಲಪಾತ ನೋಡುವುದರ ಜೊತೆಗೆ ಊಟದ ಆಸೆಯೂ ಇರುತ್ತದೆ. ಇತ್ತೀಚೆಗೆ ಮಕ್ಕಳ ಬೇಡಿಕೆಯ ಪಟ್ಟಿಯಲ್ಲಿ ಬಿರಿಯಾನಿಗಿಂತ ಮೊದಲು ಬರುವುದು ಸ್ಟೀಕ್. ದಪ್ಪನೆಯ ಮಾಂಸದ ತುಂಡು, ಮೇಲೆ ಸಾಸ್, ಪಕ್ಕದಲ್ಲಿ ಆಲೂಗಡ್ಡೆ ಫ್ರೈಸ್. ಮೊಬೈಲಿನಲ್ಲಿ ನೋಡಿದ ಚಿತ್ರ ತಟ್ಟೆಯಲ್ಲಿ ಬರಬೇಕು.

ಆಸೆ ತಪ್ಪಲ್ಲ. ಆದರೆ ಸ್ಟೀಕ್ ನಮ್ಮ ಮನೆಯ ಸಾಲನ್, ಕುರ್ಮಾಗಳಂತೆ ಗಂಟೆಗಟ್ಟಲೆ ಬೇಯುವ ಪದಾರ್ಥವಲ್ಲ. ಕೆಲವೇ ನಿಮಿಷ ಕಾವಲಿಯ ಮೇಲಿದ್ದು ಇಳಿದುಬಿಡುತ್ತದೆ. ಒಳಗೆ ಅರ್ಧ ಬೆಂದಿರುವುದೇ ರುಚಿ ಎಂದು ಬಡಿಸುವವರೂ ಇದ್ದಾರೆ. ಪರವೂರು, ಗುರುತಿಲ್ಲದ ಹೋಟೆಲ್, ಮಾಂಸ ಎಲ್ಲಿಯದೆಂದು ತಿಳಿಯದು, ಸಾಸ್‌ನಲ್ಲಿ ಏನಿದೆಯೆಂದೂ ತಿಳಿಯದು. ಜೊತೆಯಲ್ಲಿ ಚಿಕ್ಕ ಮಕ್ಕಳು, ಬಿ.ಪಿ., ಸಕ್ಕರೆ ಕಾಯಿಲೆಯ ಹಿರಿಯರು. ಹೀಗಾಗಿ ಹೋಟೆಲ್ ಆರಿಸುವಾಗ ನಾವು ಎರಡು ವಿಷಯ ನೋಡಬೇಕು. ಊಟ ಹಲಾಲ್ ಆಗಿರಬೇಕು, ತಯ್ಯಿಬ್ ಕೂಡ ಆಗಿರಬೇಕು. ಅಂದರೆ ಅನುಮತಿಸಲ್ಪಟ್ಟದ್ದೂ ಶುದ್ಧವೂ ದೇಹಕ್ಕೆ ಹಿತವೂ ಆಗಿರಬೇಕು.

ಇಲ್ಲಿ ಯಾವ ಹೋಟೆಲಿನ ಹೆಸರನ್ನೂ ಶಿಫಾರಸು ಮಾಡುತ್ತಿಲ್ಲ. ಅಡುಗೆಯವರು ಬದಲಾಗುತ್ತಾರೆ, ಮಾಂಸ ಪೂರೈಸುವವರು ಬದಲಾಗುತ್ತಾರೆ, ಮಾಲೀಕರೂ ಬದಲಾಗುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಮಾತ್ರ ಬದಲಾಗುವುದಿಲ್ಲ.

ಹಡಗಿನ ಊಟ ನಮಗೆ ಬೇಡ

ಪಣಜಿಯಲ್ಲಿ ಮಾಂಡವಿ ನದಿಯ ದಡಕ್ಕೆ ಹೋದರೆ ಸಂಜೆ ದೀಪ ಹೊತ್ತಿಸಿಕೊಂಡು ನಿಂತ ಕ್ಯಾಸಿನೊ ಹಡಗುಗಳು ಕಾಣುತ್ತವೆ. 1976ರ ಗೋವಾ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಜೂಜು ಯಂತ್ರಗಳಿಗೆ ಅವಕಾಶ ಕೊಡಲಾಯಿತು. 1996ರ ತಿದ್ದುಪಡಿ ನೀರಿನ ಮೇಲಿನ ಹಡಗುಗಳಿಗೂ ಬಾಗಿಲು ತೆರೆಯಿತು. ಗೋವಾ ಸರ್ಕಾರವೇ 2020ರಿಂದ ತನ್ನ ರಾಜ್ಯದ ಜನರಿಗೆ ಕ್ಯಾಸಿನೊದ ಜೂಜಿನ ಅಂಕಣಕ್ಕೆ ಪ್ರವೇಶ ನಿಷೇಧಿಸಿದೆ. ತನ್ನ ಮಕ್ಕಳಿಗೆ ಬೇಡವೆಂದದ್ದನ್ನು ಹೊರಗಿನವರಿಗಾಗಿ ಇಟ್ಟುಕೊಂಡಿದೆ ಎಂದರೆ ಅದರ ಸ್ವಭಾವ ಅರ್ಥವಾಗುತ್ತದೆ.

ಜೂಜು ನಮಗೆ ಹರಾಮ್ ಎಂಬುದನ್ನು ಯಾರೂ ಹೊಸದಾಗಿ ಹೇಳಬೇಕಿಲ್ಲ. ಆದರೆ ದಡದಲ್ಲಿ ಚೀಟಿ ಹಿಡಿದು ನಿಂತ ಏಜೆಂಟರು ಬೇರೆ ಮಾತು ಹೇಳುತ್ತಾರೆ. “ಆಡಬೇಡಿ ಸರ್, ಸುಮ್ಮನೆ ಊಟಕ್ಕೆ ಬನ್ನಿ, ಬಫೆ ಇದೆ, ಹಾಡು ನೃತ್ಯ ಇದೆ, ಮಕ್ಕಳಿಗೆ ಬೇರೆ ಕೋಣೆ ಇದೆ” ಎನ್ನುತ್ತಾರೆ. ಆ ಟಿಕೆಟ್ಟಿನ ಹಣದಲ್ಲಿ ಊಟದ ಜೊತೆ ಮದ್ಯ ಮತ್ತು ಜೂಜಿನ ಬಿಲ್ಲೆಗಳ ಬೆಲೆಯೂ ಸೇರಿರುವುದು ಸಾಮಾನ್ಯ. ನಾವು ಮುಟ್ಟದಿದ್ದರೂ ದುಡ್ಡು ಕೊಟ್ಟಿರುತ್ತೇವೆ.

ಧರ್ಮದ ಮಾತು ಹಾಗಿರಲಿ, ಆರೋಗ್ಯದ ದೃಷ್ಟಿಯಿಂದಲೂ ಬಫೆಯಲ್ಲಿ ಸ್ಟೀಕ್ ಹುಡುಕುವುದು ಸರಿಯಲ್ಲ. ಬೆಂದ ಮಾಂಸ 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಲ್ಲಿರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ಈ ಎರಡರ ನಡುವಿನ ಬೆಚ್ಚಗಿನ ಹದದಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಬಫೆಯ ತಟ್ಟೆಯಲ್ಲಿ ಸ್ಟೀಕ್ ಬಿಸಿಯಾಗಿಯೇ ಉಳಿದರೆ ಒಣಗಿ ಚಕ್ಕೆಯಾಗುತ್ತದೆ, ಮೆತ್ತಗೆ ಉಳಿದರೆ ಬೆಚ್ಚಗಿನ ಹದಕ್ಕೆ ಇಳಿದಿದೆ ಎಂದೇ ಅರ್ಥ. ಜೊತೆಗೆ ಹಂದಿಮಾಂಸದ ತಟ್ಟೆಗೆ ಹಾಕಿದ ಚಮಚವನ್ನೇ ಯಾರೋ ಪಕ್ಕದ ತಟ್ಟೆಗೂ ಹಾಕುತ್ತಾರೆ. ಸ್ಟೀಕ್ ತಿನ್ನಬೇಕೆಂದರೆ ಹೇಳಿದ ಮೇಲೆ ಬೇಯಿಸಿಕೊಡುವ ಜಾಗಕ್ಕೇ ಹೋಗಬೇಕು.

ಯಾವ ಮಾಂಸ, ಎಲ್ಲಿಂದ ಬಂತು?

ಬೆಂಗಳೂರಿಗೆ ಸ್ಟೀಕ್ ಹೊಸದೇನಲ್ಲ. 1960ರ ದಶಕದಲ್ಲಿ ಹಾರೂನ್ ಸುಲೈಮಾನ್ ಸೇಟ್ ಅವರು ಅಮೆರಿಕದಿಂದ ಬಂದ ಯುವಜನರಿಗಾಗಿ ಅವರ ಊರಿನ ಅಡುಗೆ ಮಾಡಿಕೊಡಲು ಶುರುಮಾಡಿದ ‘ದಿ ಓನ್ಲಿ ಪ್ಲೇಸ್’ ಈ ಊರಿನ ಹಳೆಯ ಸ್ಟೀಕ್ ಹೋಟೆಲ್‌ಗಳಲ್ಲಿ ಒಂದು. ಆಗಿನ ಮಾಂಸಕ್ಕೂ ಈಗಿನದಕ್ಕೂ ವ್ಯತ್ಯಾಸವಿದೆ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ 2021ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಹಸು, ಕರು, ಎತ್ತು, ಹೋರಿಗಳ ವಧೆ ಪೂರ್ತಿ ನಿಷೇಧ. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ, ಅದೂ ಪ್ರಮಾಣಪತ್ರ ಪಡೆದ ಮೇಲೆ ಅವಕಾಶ.

ಗೋವಾದ ಕಾನೂನು ಬೇರೆ. ಅಲ್ಲಿ 1978ರ ಕಾಯ್ದೆ ಹಸುವಿನ ವಧೆಯನ್ನು ನಿಷೇಧಿಸುತ್ತದೆ. ಎತ್ತು, ಹೋರಿ, ಎಮ್ಮೆಗಳ ವಧೆಗೆ ಷರತ್ತಿನ ಮೇಲೆ ಅನುಮತಿಯಿದೆ. ಪೋಂಡಾ ತಾಲೂಕಿನ ಉಸಗಾಂವ್‌ನಲ್ಲಿ ಸರ್ಕಾರದ್ದೇ ಆದ ಗೋವಾ ಮೀಟ್ ಕಾಂಪ್ಲೆಕ್ಸ್ ಎಂಬ ವಧಾಲಯವಿದೆ. ಅಲ್ಲಿಗೆ ಬರುತ್ತಿದ್ದ ಜಾನುವಾರುಗಳಲ್ಲಿ ದೊಡ್ಡ ಪಾಲು ಕರ್ನಾಟಕದ್ದಾಗಿತ್ತು. ಹೀಗಾಗಿ ನಮ್ಮ ಕಾಯ್ದೆ ಬಂದ ಹೊಸತರಲ್ಲಿ ಗೋವಾದಲ್ಲೂ ಮಾಂಸಕ್ಕೆ ಕೊರತೆ ಬಿತ್ತು. ಪೂರೈಕೆ ಏರುಪೇರಾದಾಗ ವ್ಯಾಪಾರಿಗಳು ಸಿಕ್ಕಿದ ಕಡೆಯಿಂದ ತರಿಸುತ್ತಾರೆ. ಆದ್ದರಿಂದಲೇ “ಮಾಂಸ ಯಾರ ಅಂಗಡಿಯದು, ವಧಾಲಯ ಯಾವುದು?” ಎಂಬ ಪ್ರಶ್ನೆ ಮುಖ್ಯ. ಪಶುವೈದ್ಯರು ಪ್ರಾಣಿಯನ್ನು ವಧೆಗೆ ಮೊದಲೂ ನಂತರವೂ ಪರೀಕ್ಷಿಸುವ ಪರವಾನಗಿಯ ವಧಾಲಯದ ಮಾಂಸಕ್ಕೂ ಹಿತ್ತಲಲ್ಲಿ ಕೊಯ್ದ ಮಾಂಸಕ್ಕೂ ಹೋಲಿಕೆಯೇ ಇಲ್ಲ. ಲಾಡಿಹುಳುವಿನ ಗಂಟುಗಳು, ಕ್ಷಯದ ಗುರುತುಗಳು ಇಂಥ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತವೆ.

ಇನ್ನೊಂದು ಎಚ್ಚರಿಕೆ. ಮೆನುವಿನಲ್ಲಿ “ವಿದೇಶದಿಂದ ತರಿಸಿದ ಬೀಫ್” ಎಂದು ಬರೆದು ಮೂರು ಪಟ್ಟು ಬೆಲೆ ಹಾಕಿದ್ದರೆ ಅನುಮಾನಪಡಿ. ಭಾರತಕ್ಕೆ ಗೋಮಾಂಸದ ಆಮದು ನಿಷೇಧವಾಗಿದೆ. ಕುರಿಮಾಂಸದ ಆಮದಿಗೆ ಅಂಥ ನಿಷೇಧವಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಕುರಿಮಾಂಸ ನಮ್ಮ ದೊಡ್ಡ ಹೋಟೆಲ್‌ಗಳಿಗೆ ಬರುತ್ತದೆ. ಅದರ ಪೆಟ್ಟಿಗೆಯ ಮೇಲೆ ಹಲಾಲ್ ಗುರುತು, ದಿನಾಂಕ ಎಲ್ಲವೂ ಅಚ್ಚಾಗಿರುತ್ತದೆ. ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಹಲಾಲ್: “ಹೌದು” ಎಂಬ ಉತ್ತರ ಸಾಲದು

ಹೋಟೆಲಿನಲ್ಲಿ ನಾವು ಸಾಮಾನ್ಯವಾಗಿ ಕೇಳುವ ರೀತಿ ಹೀಗಿರುತ್ತದೆ.

“ಭಯ್ಯಾ, ಇದು ಹಲಾಲ್ ತಾನೇ?”

“ಹೌದು ಮೇಡಂ, ನಮ್ಮಲ್ಲಿ ಎಲ್ಲವೂ ಹಲಾಲೇ.”

ಅದೇ ಮೆನುವಿನ ಮುಂದಿನ ಪುಟದಲ್ಲಿ ಹಂದಿಯ ಬೇಕನ್, ಗೋವಾದ ಚೊರಿಸೊ ಸಾಸೇಜ್ ಇರುತ್ತದೆ. ಬಡಿಸುವ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದಲ್ಲ. ಅವನಿಗೆ ಗೊತ್ತಿಲ್ಲ. ಗಿರಾಕಿಗೆ ಬೇಕಾದ ಉತ್ತರ ಯಾವುದೆಂದು ನಮ್ಮ ಪ್ರಶ್ನೆಯಲ್ಲೇ ಇದೆ, ಅದನ್ನೇ ಕೊಟ್ಟುಬಿಡುತ್ತಾನೆ. ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ.

“ಭಯ್ಯಾ, ಮಾಂಸ ಯಾವ ಅಂಗಡಿಯಿಂದ ಬರುತ್ತೆ? ಸ್ವಲ್ಪ ಒಳಗೆ ಅಡುಗೆಯವರನ್ನು ಕೇಳಿಕೊಂಡು ಬರ್ತೀರಾ? ಹಂದಿಮಾಂಸ ಬೇಯಿಸುವ ಕಾವಲಿ ಬೇರೆ ಇದೆಯಾ, ಒಂದೇನಾ?”

ಈಗ ಹೌದು, ಇಲ್ಲ ಎಂದು ಹೇಳಿ ಮುಗಿಸಲು ಬರುವುದಿಲ್ಲ. ಒಳಗೆ ಹೋಗಿ ಕೇಳಿಬಂದು ಅಂಗಡಿಯ ಹೆಸರು ಹೇಳಿದರೆ ಒಳ್ಳೆಯ ಗುರುತು. ತಡವರಿಸಿದರೆ, ಸಿಡುಕಿದರೆ, ಎದ್ದು ಬರಬಹುದು. ನೀರು ಕುಡಿದಿದ್ದೇವೆ, ಕುರ್ಚಿಯಲ್ಲಿ ಕೂತಿದ್ದೇವೆ ಎಂಬ ಮುಲಾಜು ಬೇಡ. ಮರ್ಯಾದೆಯಿಂದ ಥ್ಯಾಂಕ್ಸ್ ಹೇಳಿ ಏಳುವುದರಿಂದ ಯಾರಿಗೂ ಅವಮಾನವಾಗುವುದಿಲ್ಲ.

ಗೋಡೆಯ ಮೇಲೆ ಹಲಾಲ್ ಎಂದು ಬರೆದ ಹಸಿರು ಸ್ಟಿಕರ್ ಯಾರು ಬೇಕಾದರೂ ಅಂಟಿಸಬಹುದು. ಪ್ರಮಾಣಪತ್ರವಾದರೆ ಕೊಟ್ಟ ಸಂಸ್ಥೆಯ ಹೆಸರು, ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇರಬೇಕು. ಅದು ಹೋಟೆಲಿನ ಅಡುಗೆಮನೆಗೆ ಕೊಟ್ಟದ್ದೋ, ಮಾಂಸ ಮಾರುವ ಕಂಪನಿಗೆ ಕೊಟ್ಟದ್ದೋ ಎಂಬುದನ್ನೂ ಓದಿ ನೋಡಿ. ಮಾಂಸ ಹಲಾಲ್ ಆಗಿ ಬಂದು, ಹಂದಿಯ ಕೊಬ್ಬು ಸವರಿದ ಕಾವಲಿಯ ಮೇಲೆ ಬೆಂದರೆ ಆ ಕಾಗದದಿಂದ ಏನು ಪ್ರಯೋಜನ?

ಸ್ಥಳೀಯರನ್ನು ಕೇಳುವುದು ಎಲ್ಲಕ್ಕಿಂತ ಸುಲಭದ ದಾರಿ. 2011ರ ಜನಗಣತಿಯಂತೆ ಗೋವಾದ ಜನಸಂಖ್ಯೆಯಲ್ಲಿ ಶೇಕಡಾ 8ಕ್ಕಿಂತ ಹೆಚ್ಚು ಮುಸ್ಲಿಮರಿದ್ದಾರೆ. ವಾಸ್ಕೊ, ಮಡಗಾಂವ್‌ಗಳಲ್ಲಿ ಉತ್ತರ ಕರ್ನಾಟಕದಿಂದ ಹೋಗಿ ನೆಲೆಸಿದ ಕುಟುಂಬಗಳು ಎಷ್ಟೋ ಇವೆ, ಕನ್ನಡದಲ್ಲೇ ಮಾತಾಡಬಹುದು. ನಂಟು ಹಳೆಯದು. ಪಣಜಿಯ ನದಿ ದಡದಲ್ಲಿ ಹಡಗುಗಳಿಗೆ ಎದುರಾಗಿ ನಿಂತಿರುವ ಹಳೆಯ ಸಚಿವಾಲಯದ ಕಟ್ಟಡ ಬಿಜಾಪುರದ ಯೂಸುಫ್ ಆದಿಲ್ ಶಾಹನ ಅರಮನೆಯಾಗಿತ್ತು. ಪೋಂಡಾದ ಸಫಾ ಮಸೀದಿಯನ್ನು 1560ರಲ್ಲಿ ಕಟ್ಟಿಸಿದವನು ಅಲಿ ಆದಿಲ್ ಶಾಹ್. ನಮಾಝಿಗೆ ಹೋದಾಗ ಮಸೀದಿಯ ಬಳಿ ಇಬ್ಬರನ್ನು ಕೇಳಿದರೆ ಮಾಂಸದ ಅಂಗಡಿಯವರ ಹೆಸರೂ ಅವರು ಯಾವ ಹೋಟೆಲಿಗೆ ಕೊಡುತ್ತಾರೆ ಎಂಬುದೂ ತಿಳಿಯುತ್ತದೆ. ಮೊಬೈಲಿನ ನಕ್ಷತ್ರಗಳಿಗಿಂತ ಈ ಮಾಹಿತಿ ಗಟ್ಟಿ.

ಸಾಸ್‌ನೊಳಗೆ ಏನಿದೆ?

ಮಾಂಸದ ಬಗ್ಗೆ ವಿಚಾರಿಸುವವರೂ ಸಾಸ್ ಬಗ್ಗೆ ಕೇಳುವುದಿಲ್ಲ. ಸ್ಟೀಕ್ ಮೇಲೆ ಸುರಿಯುವ ಕಂದು ಬಣ್ಣದ ಸಾಸ್‌ಗೆ ಕೆಂಪು ವೈನ್ ಹಾಕುವುದು ಪಾಶ್ಚಾತ್ಯ ಅಡುಗೆಯ ವಾಡಿಕೆ. ಮೆಣಸಿನ ಸಾಸ್‌ಗೆ ಬ್ರಾಂದಿ, ಅಣಬೆ ಸಾಸ್‌ಗೆ ವೈನ್ ಹಾಕುವುದುಂಟು. ಗೋವಾದ ಚಿಕನ್ ಕಫ್ರಿಯಲ್ ಮಸಾಲೆಗೆ ಕೆಲವರು ರಮ್ ಸೇರಿಸುತ್ತಾರೆ. ಕೆಲವು ಸ್ಟೀಕ್‌ಗಳಿಗೆ ಸುತ್ತಲೂ ಬೇಕನ್ ಸುತ್ತುತ್ತಾರೆ.

“ಬೆಂಕಿಗಿಟ್ಟ ಮೇಲೆ ಮದ್ಯ ಹಾರಿಹೋಗುತ್ತದೆ” ಎಂದು ಅಡುಗೆಯವರು ಸಮಾಧಾನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಅಮೆರಿಕದ ಕೃಷಿ ಇಲಾಖೆ ಬಳಸುವ ಕೋಷ್ಟಕದ ಪ್ರಕಾರ, ಬೆಂಕಿ ಹೊತ್ತಿಸಿ ಉರಿಸಿದ ಅಡುಗೆಯಲ್ಲೂ ಹಾಕಿದ ಮದ್ಯಸಾರದ ಸುಮಾರು ಶೇಕಡಾ 75 ಉಳಿಯುತ್ತದೆ. 15 ನಿಮಿಷ ಕುದಿಸಿದರೆ ಶೇಕಡಾ 40, ಅರ್ಧ ಗಂಟೆಗೆ 35, ಒಂದು ಗಂಟೆಗೆ 25, ಎರಡೂವರೆ ಗಂಟೆ ಕುದಿಸಿದ ಮೇಲೂ ಶೇಕಡಾ 5 ಉಳಿದಿರುತ್ತದೆ. ಸ್ಟೀಕ್ ಸಾಸ್ ಕಾಯುವುದು ಕೆಲವೇ ನಿಮಿಷ. ಲೆಕ್ಕ ನೀವೇ ಹಾಕಿ.

ಪರಿಹಾರ ಸರಳ. ಸಾಸ್ ಬೇಡ, ಉಪ್ಪು, ಮೆಣಸು, ಬೆಳ್ಳುಳ್ಳಿ, ಬೆಣ್ಣೆಯಲ್ಲಿ ಮಾತ್ರ ಮಾಡಿಕೊಡಿ ಎಂದು ಹೇಳಿ. ಒಳ್ಳೆಯ ಮಾಂಸಕ್ಕೆ ಅಷ್ಟೇ ಸಾಕು. ಅಷ್ಟರಲ್ಲಿ ರುಚಿ ಬಾರದಿದ್ದರೆ ಮಾಂಸದ್ದೇ ದೋಷ. ಕಾವಲಿಯನ್ನು ತೊಳೆದು ಮಾಡಿಕೊಡಲು ಒಪ್ಪುತ್ತಾರೋ ಕೇಳಿ. ಮದ್ಯ ಬಡಿಸುವ ಹೋಟೆಲಿನಲ್ಲಿ ಕೂರುವುದು ಸರಿಯೇ, ಬೇರೆ ಕಾವಲಿ ಇದ್ದರೆ ಸಾಕೇ ಎಂಬ ಪ್ರಶ್ನೆಗಳಿಗೆ ಹೊರಡುವ ಮೊದಲೇ ನಿಮ್ಮ ಮಸೀದಿಯ ಆಲಿಮರ ಅಭಿಪ್ರಾಯ ಕೇಳಿಕೊಂಡಿದ್ದರೆ ಹಸಿದು ಕೂತಾಗ ಮನೆಯವರ ನಡುವೆ ಚರ್ಚೆಯಾಗುವುದು ತಪ್ಪುತ್ತದೆ.

ಎಷ್ಟು ಬೇಯಬೇಕು?

“ರೇರ್, ಮೀಡಿಯಂ, ವೆಲ್‌ಡನ್, ಯಾವುದು ಬೇಕು?” ಎಂದು ಕೇಳಿದಾಗ ಅನೇಕರು ತಬ್ಬಿಬ್ಬಾಗುತ್ತಾರೆ. ಇದು ಮಾಂಸದ ಒಳಗಿನ ಬಿಸಿಯ ಲೆಕ್ಕ. ರೇರ್ ಎಂದರೆ ನಡುಭಾಗ 52 ಡಿಗ್ರಿಯ ಆಸುಪಾಸು, ಮೀಡಿಯಂ ರೇರ್ 57, ಮೀಡಿಯಂ 63, ವೆಲ್‌ಡನ್ 71 ಡಿಗ್ರಿ ಮತ್ತು ಅದಕ್ಕಿಂತ ಹೆಚ್ಚು.

ಕತ್ತರಿಸಿದಾಗ ಬರುವ ಕೆಂಪು ನೀರು ರಕ್ತ ಎಂದು ಹೇಸುವವರಿದ್ದಾರೆ. ಅದು ರಕ್ತವಲ್ಲ. ಸ್ನಾಯುವಿನಲ್ಲಿರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಬೆರೆತ ನೀರು. ಆದ್ದರಿಂದ ಬಣ್ಣವೊಂದನ್ನೇ ನೋಡಿ ಬೆಂದಿದೆ, ಬೆಂದಿಲ್ಲ ಎಂದು ತೀರ್ಮಾನಿಸಲಾಗದು. ನಿಜ ಹೇಳುವುದು ಥರ್ಮಾಮೀಟರ್. ಒಳ್ಳೆಯ ಸ್ಟೀಕ್ ಅಡುಗೆಮನೆಯಲ್ಲಿ ಮಾಂಸಕ್ಕೆ ಚುಚ್ಚಿ ನೋಡುವ ಥರ್ಮಾಮೀಟರ್ ಇರಬೇಕು. “ನಿಮ್ಮಲ್ಲಿ ಇದೆಯಾ?” ಎಂಬ ಒಂದೇ ಪ್ರಶ್ನೆಯಿಂದ ಆ ಅಡುಗೆಮನೆಯ ಮಟ್ಟ ತಿಳಿಯುತ್ತದೆ.

ಅಮೆರಿಕದ ಕೃಷಿ ಇಲಾಖೆಯ ನಿಯಮದಂತೆ ಇಡೀ ತುಂಡಿನ ಸ್ಟೀಕ್‌ಗೆ ಒಳಗೆ 63 ಡಿಗ್ರಿ ಬಿಸಿ ತಲುಪಿ, ಇಳಿಸಿದ ಮೇಲೆ 3 ನಿಮಿಷ ಹಾಗೇ ಬಿಡಬೇಕು. ಖೀಮಾದಿಂದ ಮಾಡಿದ ಬರ್ಗರ್, ಕಬಾಬ್‌ಗಳಿಗೆ 71 ಡಿಗ್ರಿ. ಕೋಳಿಗೆ 74 ಡಿಗ್ರಿ. ಈ ವ್ಯತ್ಯಾಸಕ್ಕೆ ಕಾರಣವಿದೆ. ಇಡೀ ತುಂಡಿನಲ್ಲಿ ರೋಗಾಣುಗಳು ಇರುವುದು ಹೊರಮೈಯಲ್ಲಿ, ಕಾವಲಿಯ ಬಿಸಿಗೆ ಅವು ಸಾಯುತ್ತವೆ. ರುಬ್ಬಿದಾಗ ಹೊರಗಿನದ್ದು ಒಳಗೆ ಬೆರೆತುಹೋಗುತ್ತದೆ. ಆಗ ನಡುಭಾಗವೂ ಚೆನ್ನಾಗಿ ಬೇಯಲೇಬೇಕು.

ನಮ್ಮ ಕಡೆ ಇನ್ನೊಂದು ತೊಡಕಿದೆ. ವಯಸ್ಸಾದ ಎಮ್ಮೆಯ ಮಾಂಸ ಗಡಸು. ಮೆತ್ತಗಾಗಲೆಂದು ಸೂಜಿಗಳ ಯಂತ್ರದಿಂದ ಚುಚ್ಚುವುದು, ಸುತ್ತಿಗೆಯಿಂದ ಬಡಿಯುವುದು ಉಂಟು. ಚುಚ್ಚಿದ ಪ್ರತಿ ಸೂಜಿಯೂ ಮೇಲಿನ ರೋಗಾಣುವನ್ನು ಒಳಕ್ಕೆ ತಳ್ಳುತ್ತದೆ. ಅಮೆರಿಕದಲ್ಲಿ 2016ರಿಂದ ಇಂಥ ಮಾಂಸದ ಪೊಟ್ಟಣದ ಮೇಲೆ ಅದನ್ನು ನಮೂದಿಸುವುದು ಕಡ್ಡಾಯ. ನಮ್ಮ ಮೆನುವಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಖಚಿತ ಉತ್ತರ ಸಿಗದಿದ್ದರೆ ವೆಲ್‌ಡನ್ ಎಂದೇ ಹೇಳಿ. ಮೆತ್ತಗಿರಬೇಕೆಂದರೆ ನಮ್ಮ ಕಸಾಯಿಗಳು ಅಂಡರ್‌ಕಟ್ ಎನ್ನುವ ಭಾಗವನ್ನು ಕೇಳಿ. ಮೆನುವಿನಲ್ಲಿ ಅದರ ಹೆಸರು ಟೆಂಡರ್‌ಲಾಯಿನ್ ಅಥವಾ ಫಿಲೆ. ಹೆಚ್ಚು ಓಡಾಟವಿಲ್ಲದ ಸ್ನಾಯುವಾದ್ದರಿಂದ ಪೂರ್ತಿ ಬೆಂದರೂ ಚರ್ಮದಂತಾಗುವುದಿಲ್ಲ.

ಮಕ್ಕಳಿಗೆ ಅರ್ಧ ಬೆಂದದ್ದು ಬೇಡವೇ ಬೇಡ

1993ರ ಆರಂಭದಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಒಂದು ಹೋಟೆಲ್ ಸರಣಿಯ ಸರಿಯಾಗಿ ಬೇಯದ ಬರ್ಗರ್ ತಿಂದು 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ನಾಲ್ಕು ಮಕ್ಕಳು ಸತ್ತರು. ಕಾರಣ ಇ. ಕೊಲೈ ಎಂಬ ಬ್ಯಾಕ್ಟೀರಿಯಾದ ಒಂದು ಅಪಾಯಕಾರಿ ಬಗೆ. ದನ, ಎಮ್ಮೆಗಳ ಕರುಳಿನಲ್ಲಿ ಅವಕ್ಕೆ ತೊಂದರೆ ಕೊಡದೆ ಇರುವ ಇದು ಮನುಷ್ಯರ, ಅದರಲ್ಲೂ ಐದು ವರ್ಷದೊಳಗಿನ ಮಕ್ಕಳ ಹೊಟ್ಟೆ ಸೇರಿದರೆ ರಕ್ತಭೇದಿ ತರುತ್ತದೆ. ಕೆಲವರಲ್ಲಿ ಅದು ಬಿಡುಗಡೆ ಮಾಡುವ ವಿಷ ಕಿಡ್ನಿಯನ್ನೇ ಕೆಡಿಸುತ್ತದೆ, ಡಯಾಲಿಸಿಸ್ ಮಾಡಬೇಕಾಗುತ್ತದೆ.

ಅಪ್ಪನ ತಟ್ಟೆಯಿಂದ ಒಂದು ತುಂಡು ಮಗುವಿನ ಬಾಯಿಗೆ ಹಾಕುವುದು ನಮ್ಮಲ್ಲಿ ಪ್ರೀತಿ. ಆದರೆ ಅಬ್ಬಾ ತಿನ್ನುತ್ತಿರುವುದು ಮೀಡಿಯಂ ಆಗಿದ್ದರೆ ಆ ತುಂಡು ಮಗುವಿಗೆ ಬೇಡ. ಮಕ್ಕಳು, ಗರ್ಭಿಣಿಯರು, 65 ದಾಟಿದ ಹಿರಿಯರು, ಕಿಡ್ನಿ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಪೂರ್ತಿ ಬೆಂದದ್ದನ್ನೇ ತಿನ್ನಬೇಕು. ಗರ್ಭಿಣಿಯರಿಗೆ ಬೇಯದ ಮಾಂಸದಿಂದ ಬರುವ ಟಾಕ್ಸೊಪ್ಲಾಸ್ಮಾ ಸೋಂಕು ಹೊಟ್ಟೆಯೊಳಗಿನ ಮಗುವಿಗೂ ಹಾನಿ ಮಾಡಬಲ್ಲದು. ಮನೆಯವರೆಲ್ಲರಿಗೂ ಒಂದೇ ಹದ ಹೇಳಿಬಿಡುವುದು ಕ್ಷೇಮ. ತಟ್ಟೆ ಅದಲುಬದಲಾದರೂ ಚಿಂತೆಯಿಲ್ಲ.

ಕೂರುವ ಮೊದಲು ಐದು ನಿಮಿಷ

ಆರ್ಡರ್ ಮಾಡುವ ಮೊದಲು ಇಷ್ಟು ಗಮನಿಸಿ.

ಮೊದಲನೆಯದು ಪರವಾನಗಿ. ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಸಂಖ್ಯೆ ಎದ್ದುಕಾಣುವಂತೆ ಹಾಕಿರಬೇಕು. 2022ರ ಜನವರಿಯಿಂದ ಬಿಲ್ಲಿನ ಮೇಲೂ ಅದು ಕಡ್ಡಾಯ. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ಚಿಕ್ಕ ವ್ಯಾಪಾರದ ನೋಂದಣಿ. ದೊಡ್ಡ ಹೋಟೆಲಿನ ಸಂಖ್ಯೆ 2ರಿಂದ ಶುರುವಾದರೆ ಪ್ರಶ್ನಿಸಬೇಕಾದ ವಿಷಯ.

ಎರಡನೆಯದು ಕೈತೊಳೆಯುವ ಜಾಗ ಮತ್ತು ಶೌಚಾಲಯ. ಅಲ್ಲಿ ಸೋಪಿಲ್ಲದಿದ್ದರೆ ಅಡುಗೆಯವರ ಕೈ ಹೇಗಿರುತ್ತದೆ ಎಂದು ಊಹಿಸಿ. ಗಿರಾಕಿಗೆ ಕಾಣುವ ಜಾಗವನ್ನೇ ಸ್ವಚ್ಛವಾಗಿಡದವರು ಕಾಣದ ಜಾಗವನ್ನು ಇಡುತ್ತಾರೆಯೇ?

ಮೂರನೆಯದು ಮೆನುವಿನ ಉದ್ದ. ಚೈನೀಸ್, ತಂದೂರಿ, ಪಿಜ್ಜಾ, ಸ್ಟೀಕ್ ಎಂದು ಎರಡು ನೂರು ಬಗೆ ಬರೆದಿರುವಲ್ಲಿ ಸ್ಟೀಕ್ ವಾರಕ್ಕೆ ಒಂದೆರಡು ಹೋಗುತ್ತದೆ. ಮಾಂಸ ಫ್ರೀಜರ್‌ನಲ್ಲಿ ಎಷ್ಟು ದಿನದಿಂದ ಇದೆಯೋ. ಹತ್ತು ಹನ್ನೆರಡು ಬಗೆಯನ್ನೇ ಮಾಡುವ, ಸುತ್ತಲಿನ ಮೇಜುಗಳಲ್ಲೂ ಅದನ್ನೇ ತಿನ್ನುತ್ತಿರುವ ಹೋಟೆಲ್ ಮೇಲು.

ನಾಲ್ಕನೆಯದು ತೂಕ. 250 ಗ್ರಾಂ ಎಂದು ಬರೆದಿದ್ದರೆ ಅದು ಸಾಮಾನ್ಯವಾಗಿ ಹಸಿ ಮಾಂಸದ ತೂಕ. ಬೆಂದ ಮೇಲೆ ಕಾಲು ಭಾಗದಷ್ಟು ಇಳಿಯುತ್ತದೆ. ಕೇಳಿಕೊಂಡರೆ ಬಿಲ್ ಬಂದಾಗ ಜಗಳವಿಲ್ಲ.

ಐದನೆಯದು ಹಸಿ ಪದಾರ್ಥ. ಜೊತೆಗೆ ಬರುವ ಹಸಿ ಸೊಪ್ಪಿನ ಸಲಾಡ್, ಐಸ್ ತುಂಡುಗಳು ಸ್ಟೀಕ್‌ಗಿಂತ ಹೆಚ್ಚು ಹೊಟ್ಟೆ ಕೆಡಿಸಬಹುದು. ಹಸಿ ಮಾಂಸ ಕತ್ತರಿಸಿದ ಹಲಗೆಯ ಮೇಲೇ ಸೌತೆಕಾಯಿ ಹೆಚ್ಚಿದರೆ ಕೇಳುವುದೇ ಬೇಡ. ಬೇಯಿಸಿದ ತರಕಾರಿ ಕೇಳಿ, ಸೀಲ್ ಒಡೆಯದ ನೀರಿನ ಬಾಟಲಿ ತೆಗೆದುಕೊಳ್ಳಿ.

ಸಮುದ್ರ ದಡದ ತಾತ್ಕಾಲಿಕ ಶ್ಯಾಕ್‌ಗಳಲ್ಲಿ ಆಗಷ್ಟೇ ಹಿಡಿದ ಮೀನು ಕಣ್ಣೆದುರು ಕರಿಸಿಕೊಂಡು ತಿನ್ನಬಹುದು. ಸ್ಟೀಕ್, ಬರ್ಗರ್‌ಗಳನ್ನು ಗಟ್ಟಿ ಶೀತಲ ವ್ಯವಸ್ಥೆಯಿರುವ ಹೋಟೆಲಿಗೇ ಬಿಡುವುದು ಲೇಸು. ಉಳಿದದ್ದನ್ನು ಕಟ್ಟಿಸಿಕೊಂಡರೆ ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು. 32 ಡಿಗ್ರಿ ಮೀರಿದ ಸೆಕೆಯಲ್ಲಿ ಒಂದೇ ಗಂಟೆ. ಅಗ್ಗವಾಗಿ ಸಿಕ್ಕಿತೆಂದು ಹಸಿ ಮಾಂಸ ಕಟ್ಟಿಸಿಕೊಂಡು ಬೆಂಗಳೂರಿಗೆ ತರುವ ಯೋಚನೆ ಬೇಡ. ಹತ್ತು ಗಂಟೆಯ ದಾರಿಯಲ್ಲಿ ಮಾಂಸ ಕೆಡುತ್ತದೆ, ಎರಡು ರಾಜ್ಯಗಳ ಕಾನೂನು ಬೇರೆಯಾದ್ದರಿಂದ ತನಿಖಾ ಠಾಣೆಯಲ್ಲಿ ಕುಟುಂಬ ಸಮೇತ ತೊಂದರೆಗೆ ಸಿಕ್ಕಬಹುದು.

ಎಷ್ಟು ತಿಂದರೆ ಹಿತ?

ಕೆಂಪು ಮಾಂಸ ಶತ್ರುವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಮಾಂಸದಲ್ಲಿರುವ ಕಬ್ಬಿಣಾಂಶ ಸೊಪ್ಪಿನದಕ್ಕಿಂತ ಸುಲಭವಾಗಿ ದೇಹಕ್ಕೆ ಹತ್ತುತ್ತದೆ. ಆದರೂ ಮನೆಗಳಲ್ಲಿ ದೊಡ್ಡ ತುಂಡು ಗಂಡಸರ ತಟ್ಟೆಗೆ, ರಸ ಮಾತ್ರ ಹೆಂಗಸರಿಗೆ ಎಂಬ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಅದನ್ನು ಬದಲಿಸಿಕೊಳ್ಳಬೇಕು. ಊಟವಾದ ಕೂಡಲೇ ಚಹಾ ಕುಡಿದರೆ ಕಬ್ಬಿಣಾಂಶ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ ಎಂಬುದೂ ನೆನಪಿರಲಿ.

ಆದರೆ ಮಿತಿ ಬೇಕು. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ ವಾರಕ್ಕೆ ಬೆಂದ ಕೆಂಪು ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂದು. ಒಂದು ಸ್ಟೀಕ್‌ನಲ್ಲೇ ಅದರ ಅರ್ಧದಷ್ಟು ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಸಾಸೇಜ್, ಸಲಾಮಿಯಂಥ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಶೇಕಡಾ 18 ಹೆಚ್ಚು ಎಂದಿತು. ಕೆಂಪು ಮಾಂಸವನ್ನು “ಕಾರಣವಾಗಬಹುದು” ಎಂಬ ಎರಡನೆಯ ಗುಂಪಿನಲ್ಲಿಟ್ಟಿತು. ಕರಿ ಹಿಡಿಯುವಷ್ಟು ಸುಟ್ಟರೂ ಹಾನಿಕರ ವಸ್ತುಗಳು ಹುಟ್ಟುತ್ತವೆ. ಸುಟ್ಟ ಅಂಚನ್ನು ಕತ್ತರಿಸಿ ಬಿಟ್ಟುಬಿಡಿ.

ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಹಾದುಹೋಗುವ ನಮಗೆ ಹೃದಯದ ಕಾಯಿಲೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ 5 ಗ್ರಾಂ ಉಪ್ಪು ಸಾಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ಸವರಿದ ಸ್ಟೀಕ್, ಉಪ್ಪು ಉದುರಿಸಿದ ಫ್ರೈಸ್, ಸಾಸ್ ಎಲ್ಲ ಸೇರಿದರೆ ಒಂದೇ ಹೊತ್ತಿನಲ್ಲಿ ಅದರ ದೊಡ್ಡ ಪಾಲು ಹೊಟ್ಟೆ ಸೇರುತ್ತದೆ. ಬಿ.ಪಿ. ಇರುವವರು ಫ್ರೈಸ್ ಬದಲು ಬೇಯಿಸಿದ ಆಲೂಗಡ್ಡೆ ಕೇಳಲಿ. ಒಂದು ಸ್ಟೀಕನ್ನು ಇಬ್ಬರು ಹಂಚಿಕೊಂಡರೆ ಹೊಟ್ಟೆಗೂ ಜೇಬಿಗೂ ಹಿತ.

ಹೊಟ್ಟೆ ಕೆಟ್ಟರೆ

ಊಟದ ಮರುದಿನದಿಂದ ಮೂರು ನಾಲ್ಕು ದಿನದೊಳಗೆ, ಕೆಲವೊಮ್ಮೆ ಊರಿಗೆ ಮರಳಿದ ಮೇಲೂ ಲಕ್ಷಣ ಕಾಣಿಸಬಹುದು. ಮಾಮೂಲಿ ಭೇದಿಗೆ ಒ.ಆರ್.ಎಸ್. ಕುಡಿಸುತ್ತಿರಿ. ಮಲದಲ್ಲಿ ರಕ್ತ, ಜೋರು ಹೊಟ್ಟೆನೋವು, ಮಗು ಮೂತ್ರ ಮಾಡುವುದು ಕಡಿಮೆಯಾಗುವುದು, ಮುಖ ಬಿಳಿಚಿಕೊಳ್ಳುವುದು, ಮಂಕಾಗಿ ಮಲಗುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಗೋವಾದಲ್ಲಾದರೆ ಬಾಂಬೋಳಿಯಲ್ಲಿ ಸರ್ಕಾರಿ ಗೋವಾ ಮೆಡಿಕಲ್ ಕಾಲೇಜು ಇದೆ, 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ರಕ್ತಭೇದಿಯಿರುವಾಗ ಭೇದಿ ನಿಲ್ಲಿಸುವ ಮಾತ್ರೆಯನ್ನಾಗಲಿ ಆ್ಯಂಟಿಬಯಾಟಿಕ್ ಅನ್ನಾಗಲಿ ಮೆಡಿಕಲ್ ಶಾಪಿನಿಂದ ನೀವಾಗಿಯೇ ತಂದು ಕೊಡಬೇಡಿ. ಈ ಬಗೆಯ ಇ. ಕೊಲೈ ಸೋಂಕಿನಲ್ಲಿ ಅವು ಕಿಡ್ನಿಯ ಅಪಾಯವನ್ನು ಹೆಚ್ಚಿಸಬಹುದು. ಏನು ತಿಂದಿರಿ, ಎಷ್ಟು ಬೆಂದಿತ್ತು, ಯಾವಾಗ ತಿಂದಿರಿ ಎಂಬುದನ್ನು ವೈದ್ಯರಿಗೆ ಬಿಡಿಸಿ ಹೇಳಿ.

ಬಿಲ್ಲನ್ನು ಎಸೆಯದೆ ಇಟ್ಟುಕೊಳ್ಳಿ. ಎಫ್‌ಎಸ್‌ಎಸ್‌ಎಐನ ಉಚಿತ ಸಹಾಯವಾಣಿ 1800112100ಕ್ಕೆ ದೂರು ಕೊಡಬಹುದು, ಗೋವಾದ ಆಹಾರ ಮತ್ತು ಔಷಧ ಆಡಳಿತ ಇಲಾಖೆಗೂ ತಿಳಿಸಬಹುದು. ಒಬ್ಬರು ಕೊಟ್ಟ ದೂರಿನಿಂದ ಮುಂದೆ ಅದೇ ಮೇಜಿನಲ್ಲಿ ಕೂರುವ ಇನ್ನೊಂದು ಮನೆಯ ಮಗು ಉಳಿದೀತು.

ಕೇಳುವುದನ್ನು ಮಕ್ಕಳು ನೋಡಲಿ

ಇಷ್ಟೆಲ್ಲ ಕೇಳುತ್ತಾ ಕೂತರೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಸಹಜ. ತಿಲಕನಗರದ ಅಂಗಡಿಯಲ್ಲಿ ಅರ್ಧ ಕಿಲೋ ಮಾಂಸ ಕೊಳ್ಳುವಾಗ “ಇವತ್ತಿನದೇ ತಾನೇ? ಈ ಭಾಗ ಬೇಡ, ಆ ಕಡೆಯದು ಹಾಕಿ” ಎಂದು ನಾವು ಗಟ್ಟಿಯಾಗಿಯೇ ಹೇಳುತ್ತೇವೆ. ಅದರ ಹಲವು ಪಟ್ಟು ಹಣ ತೆರುವ ಹೋಟೆಲಿನಲ್ಲಿ, ಇಂಗ್ಲಿಷಿನ ಮೆನು ಕೈಗೆ ಬಂದ ಕೂಡಲೇ ಸುಮ್ಮನಾಗಿಬಿಡುತ್ತೇವೆ. ಅಲ್ಲಿಯೂ ಇಲ್ಲಿಯೂ ನಮ್ಮ ಹಕ್ಕು ಒಂದೇ. ಒಳ್ಳೆಯ ಹೋಟೆಲಿನವರು ಪ್ರಶ್ನೆಗೆ ಬೇಸರಪಡುವುದಿಲ್ಲ, ತಮ್ಮ ಮಾಂಸದ ಬಗ್ಗೆ ಹೇಳಿಕೊಳ್ಳಲು ಅವರಿಗೂ ಖುಷಿಯೇ.

ಅಮ್ಮಿ ಮರ್ಯಾದೆಯಿಂದ ವಿಚಾರಿಸುವುದನ್ನು, ಸರಿಯಿಲ್ಲವೆಂದಾಗ ಅಬ್ಬಾ ನಗುತ್ತಲೇ ಎದ್ದು ಬರುವುದನ್ನು ಮಕ್ಕಳು ನೋಡಲಿ. ನಾಳೆ ಕಾಲೇಜಿಗೆ, ಕೆಲಸಕ್ಕೆಂದು ದೂರದ ಊರಿಗೆ ಹೋದಾಗ ಅವರ ಜೊತೆ ನಾವಿರುವುದಿಲ್ಲ. ಕೇಳಿ ತಿಳಿದು ತಿನ್ನುವ ಅಭ್ಯಾಸ ಅವರ ಜೊತೆಗಿರಲಿ. ಒಳ್ಳೆಯ ಜಾಗ ಸಿಕ್ಕಿದರೆ ಬಿಸ್ಮಿಲ್ಲಾ ಹೇಳಿ, ನಿಧಾನವಾಗಿ ಅಗಿದು, ಹಂಚಿಕೊಂಡು ತಿನ್ನಿ. ಸಿಗದಿದ್ದರೆ ಆ ಹೊತ್ತಿಗೆ ಅನ್ನ, ಮೀನಿನ ಸಾರು ಇದೆ. ಗೋವಾದಲ್ಲಿ ಅದಕ್ಕೇನೂ ಬರವಿಲ್ಲ.